ರಷ್ಯಾದಿಂದ ಬಂದ ತಾಯಿ

ಶಾತೋಯ್ ಕಣಿವೆ,
೯ ಮಾರ್ಚ್ ೧೯೯೫

ಪ್ರೀತಿಯ ಮಗನೇ ಅಪ್ತೀ,

ಹೇಗಿದ್ದೀಯಪ್ಪಾ? ಕೆಮ್ಮು ಇಳಿಯಿತೇ? ಉಣ್ಣೆಯ ಕಾಲುಚೀಲವನ್ನು ಯಾರಿಗೋ ಕೊಟ್ಟು ಧಾರಾಳಿಯಾಗಬೇಡ, ಆ ಕಾಡಿನ ಚಳಿಗೆ ನೀನೇ ಹಾಕಿಕೋ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ನಿನಗೆ ಸುಳ್ಳು ಹೇಳಲಾರೆ. ರಷ್ಯನ್ನರ ಬಾಂಬ್ ವಿಮಾನದ ಸದ್ದು ಕೇಳಿದೊಡನೆ ನೆಲಮಾಳಿಗೆಗೆ ಓಡುತ್ತೇನೆ; ಸದ್ದು ನಿಂತರೂ ಮೇಲೆ ಬರಲು ಧೈರ್ಯವಾಗುವುದಿಲ್ಲ. ನಾನು ಏಳು ವರ್ಷದವಳಿದ್ದಾಗ ಸೈನಿಕರು ನಮ್ಮನ್ನೆಲ್ಲ ದನ ಸಾಗಿಸುವ ರೈಲು ಡಬ್ಬಿಗೆ ತುಂಬಿ ಕಜಕಸ್ತಾನಕ್ಕೆ ಅಟ್ಟಿದರಲ್ಲ, ಆ ಹೆದರಿಕೆಯೇ ಮತ್ತೆ ಬಂದಿದೆ.

ಈಗ ಸುದ್ದಿ. ನಮ್ಮ ಮನೆಯಲ್ಲಿ ಒಬ್ಬ ರಷ್ಯನ್ ಹೆಂಗಸಿದ್ದಾಳೆ. ಸಿಟ್ಟಾಗಬೇಡ, ಪೂರ್ತಿ ಓದು. ಹೆಸರು ಜಿನಾಯ್ದಾ. ಸೈನ್ಯಕ್ಕೆ ಎಳೆದೊಯ್ದ ಮಗ ನಿನ್ನಂತೆ ಕಾಡಿನಲ್ಲಿದ್ದು ಹೋರಾಡುವ ನಮ್ಮವರ ಕೈಗೆ ಸೆರೆಸಿಕ್ಕಿದ್ದಾನೆಂದು ಕೇಳಿ, ಅವನ ಫೋಟೋವನ್ನು ಕೊರಳಿಗೆ ನೇತುಹಾಕಿಕೊಂಡು ಹಳ್ಳಿ ಹಳ್ಳಿ ಅಲೆಯುತ್ತಿದ್ದಾಳೆ. ಮೊನ್ನೆ ಹಿಮ ಸುರಿಯುವಾಗ ನಮ್ಮ ಬಾಗಿಲು ತಟ್ಟಿದಳು. ಒಳಗೆ ಕರೆದು ಮೆಕ್ಕೆಜೋಳದ ರೊಟ್ಟಿ, ಬೆಳ್ಳುಳ್ಳಿ ಸಾರು ಕೊಟ್ಟು ನಿನ್ನ ಹಾಸಿಗೆಯಲ್ಲೇ ಮಲಗಿಸಿದೆ. ನಿನ್ನ ಸುಲಿಮ್ ಚಿಕ್ಕಪ್ಪ ಬಂದು ಕೂಗಾಡಿದ. "ನಿಮ್ಗೇನು ತಲೆ ಕೆಟ್ಟಿದೆಯಾ ಅತ್ತಿಗೆ? ಇವಳ ಮಗ ನಮ್ಮ ಮೇಲೆ ಬಾಂಬ್ ಹಾಕ್ಬೇಕು, ನೀವು ಇವಳಿಗೆ ಬಡಿಸ್ಬೇಕು!" ನಾನೂ ಬಿಡಲಿಲ್ಲ. "ಹೊಸ್ತಿಲು ದಾಟಿ ಬಂದವ್ಳು ಅತಿಥಿ. ಆಗ್ಲಿಲ್ಲ ಅಂದ್ರೆ ನೀನೇ ಆಚೆ ಹೋಗು" ಎಂದೆ. ಗೊಣಗುತ್ತಾ ಹೋದ ಮನುಷ್ಯ ಸಂಜೆ ಅವಳಿಗೆಂದೇ ಒಂದು ಹೊರೆ ಸೌದೆ ತಂದು ಹಾಕಿದ. ಅವನ ಕೋಪ ನಿನಗೆ ಗೊತ್ತಲ್ಲ.

ಬಾಯಲ್ಲಿ ಜೋರು ಮಾಡಿದರೂ ನನಗೆ ಭಯವೇ. ಅವಳ ಸೈನ್ಯದವರು ಶೋಧಕ್ಕೆ ಬಂದರೆ ನಾವೇ ಅವಳನ್ನು ಹಿಡಿದಿಟ್ಟಿದ್ದೇವೆ ಎನ್ನುತ್ತಾರೆ. ನಮ್ಮ ಹುಡುಗರಲ್ಲಿ ಯಾರಿಗಾದರೂ ಸಿಟ್ಟು ನೆತ್ತಿಗೇರಿದರೆ ಅವಳ ಗತಿ ಏನು? ನಮ್ಮ ಸೂರಿನಡಿ ಅತಿಥಿಗೆ ಕೇಡಾದರೆ ನಿನ್ನ ಅಪ್ಪನ ಗೋರಿಯ ಮುಂದೆ ಹೇಗೆ ನಿಲ್ಲಲಿ? ಇದನ್ನು ಬರೆಯುವಾಗಲೂ ಪಕ್ಕದಲ್ಲೇ ಕೂತು ಉಣ್ಣೆ ಬಿಡಿಸುತ್ತಿದ್ದಾಳೆ. ನಮ್ಮ ಭಾಷೆ ಓದಲು ಬಾರದು, ನನ್ನ ಮುಖವನ್ನೇ ಓದುತ್ತಾಳೆ.

ಅಲ್ಲಾಹನು ನಿನ್ನನ್ನೂ ನಿನ್ನ ಜೊತೆಯವರನ್ನೂ ಕಾಪಾಡಲಿ.

ನಿನ್ನ ತಾಯಿ,
ಕೋಕಾ

ತಾ.ಕ.: ಅವಳು ನೀರಿಗೆ ಹೋದಳು, ಕಾಗದ ಒಯ್ಯಲು ಸುಲಿಮ್ ಕುದುರೆ ಹತ್ತಿ ಕಾಯುತ್ತಿದ್ದಾನೆ. ಆ ಫೋಟೋದ ಹುಡುಗನನ್ನು ನಾನು ನೋಡಿದ್ದೇನೆ. ಹೋದ ವಾರ ನೀನು ಹಿಟ್ಟು ಒಯ್ಯಲು ಮನೆಗೆ ಬಂದಾಗ ಒಬ್ಬನನ್ನು ಕೈಕಟ್ಟಿ ಕೊಟ್ಟಿಗೆಯಲ್ಲಿ ಕೂರಿಸಿದ್ದೆಯಲ್ಲ, ಅವನೇ. ಅವಳಿಗೆ ಹೇಳಿಲ್ಲ. ಈಗ ಬದುಕಿದ್ದಾನೋ ಇಲ್ಲವೋ ತಿಳಿಯದೆ ಏನೆಂದು ಹೇಳಲಿ? ಬದುಕಿದ್ದರೆ ಸುಲಿಮನ ಜೊತೆಯಲ್ಲೇ ಕಳಿಸು. ಇಲ್ಲದಿದ್ದರೆ ನೀನೇ ಬಾ ಮಗನೇ. ಅವಳ ಎದುರು ನಿಂತು ನೀನೇ ಹೇಳು. ನನ್ನ ಕೈಲಾಗುವುದಿಲ್ಲ.