ನಲವತ್ತು ದಿನದ ಉಪ್ಪು

ಯುವಾಂಗ್ ಡೊಂಗ್, ಫು ಕ್ವಕ್ ದ್ವೀಪ
ಏಳನೆಯ ಚಾಂದ್ರ ತಿಂಗಳ ಹನ್ನೆರಡು, 2004

ಸೊಸೆ ಮಿಯೆನ್‌ಗೆ ಅತ್ತೆಯ ಆಶೀರ್ವಾದ.

ನಿನ್ನ ಸೊಂಟದ ನೋವು ಹೇಗಿದೆ? ಉಪ್ಪಿನ ಚೀಲ ಹೊತ್ತು ಬಂದ ನೋವು ಅದು, ತವರಿನಲ್ಲಿ ನಾಲ್ಕು ತಿಂಗಳು ಕೂತರೆ ಹೋಗಿಬಿಡುತ್ತದೆ ಅಂದುಕೊಳ್ಳಬೇಡ. ಶುಂಠಿ ಜಜ್ಜಿ ಬೆಚ್ಚಗೆ ಕಟ್ಟಿಕೋ. ಮೊಮ್ಮಗಳಿಗೆ ಮುಂದಿನ ಹಲ್ಲು ಬಂತೇ? ಬರುವ ತನಕ ತಳ ಹಿಡಿದ ಅನ್ನ ಕಡಿಯಲು ಕೊಡಬೇಡ, ಎಷ್ಟು ಅತ್ತರೂ ಕೊಡಬೇಡ. ನಿನ್ನ ಅಪ್ಪನ ಮೊಣಕಾಲು ಹೇಗಿದೆ ಎಂದೂ ತಿಳಿಸು. ನಾನು ಕೇಳಿದೆ ಎಂದು ಅವರಿಗೆ ಹೇಳುವ ಅಗತ್ಯವಿಲ್ಲ.

ಇಲ್ಲಿ ನಿನ್ನ ಗಂಡ ಥುವಾನ್ ಇದ್ದಾನೆ. ನಿಂತುಕೊಂಡೇ ಉಣ್ಣುತ್ತಾನೆ. ಬೆಳಗಾದರೆ ಏಣಿ ಹತ್ತಿ ಮೀನಿನ ರಸದ ಖಾಲಿ ಪೀಪಾಯಿಗಳಿಗೆ ಉಪ್ಪುನೀರು ಹೊಯ್ಯುವುದೇ ಅವನ ಕೆಲಸ. ಹನ್ನೆರಡರಲ್ಲಿ ಏಳು ಖಾಲಿ. ಉಳಿದ ಐದರಲ್ಲಿ ಇರುವುದು ಆ ಕಹಿ ರಸ. ಅದನ್ನು ಚೆಲ್ಲಲೂ ಮನಸ್ಸಿಲ್ಲ, ಇಟ್ಟುಕೊಳ್ಳಲೂ ಮುಖವಿಲ್ಲ. ಮರ ಒಣಗಿದರೆ ಹಲಗೆಗಳು ಒಂದನ್ನೊಂದು ಬಿಟ್ಟು ನಿಲ್ಲುತ್ತವೆ ಎಂದು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ನಿನ್ನ ಮಾವ ಸಾಯುವ ಮುಂಚೆ ತಮ್ಮ ಕೈಯಿಂದಲೇ ಬೆತ್ತದ ಹಗ್ಗ ಬಿಗಿದ ಪೀಪಾಯಿ ಇದೆಯಲ್ಲ, ಮೂಲೆಯದು, ಅದರ ಬುಡದಲ್ಲಿ ಮೊನ್ನೆ ನೀರು ಜಿನುಗಿತು. ಥುವಾನ್ ಬಟ್ಟೆ ತುರುಕಿದ. ನಿನ್ನೆ ಮತ್ತೆ ಜಿನುಗಿತು. ನಾನು ಅಲ್ಲೇ ಒಂದು ಮಣೆ ಹಾಕಿಕೊಂಡು ಕೂತಿದ್ದೆ. ಕೂತರೆ ನಿಲ್ಲುತ್ತದೆಯೇ? ಆದರೂ ಕೂತಿದ್ದೆ.

ದೋಣಿಕಟ್ಟೆಗೆ ನಾನೇ ಹೋಗಿದ್ದೆ, ಒಂದು ಸಲವಲ್ಲ, ಐದು ಸಲ. ಗಾಡಿಯಲ್ಲಿ ಉಪ್ಪಿನ ಚೀಲ ಹೇರಿಸಿಕೊಂಡು, ಯಾರಾದರೂ ದೋಣಿಗೆ ಹತ್ತಿಸಿಕೊಂಡಾರೆಂದು ಛತ್ರಿ ಹಿಡಿದು ನಿಂತೆ. ಎಲ್ಲ ಕಪ್ತಾನರಿಗೂ ನನ್ನ ಗುರುತುಂಟು, ಯಾರಿಗೂ ನಾನು ಕಾಣಿಸಲಿಲ್ಲ. ತಮ್ಮಲ್ಲೊಬ್ಬರಾದ ನಿನ್ನ ಅಪ್ಪನಿಗಾದ ಅವಮಾನ ತಮಗೇ ಆಯಿತು ಎಂದು ಅವರೆಲ್ಲ ತೀರ್ಮಾನಿಸಿದ್ದಾರೆ. ಅಲ್ಲಿ ಸೇವಿಗೆ ಮಾರುವ ಒಬ್ಬ ಕಪ್ತಾನನ ಹೆಂಡತಿ ಕೈ ಒರೆಸಿಕೊಳ್ಳುತ್ತ ಎಲ್ಲರಿಗೂ ಕೇಳುವಂತೆ ಅಂದಳು: "ಬೇಡ ಕಣಮ್ಮಾ, ನಮ್ಮೆಜಮಾನ್ರ ಕೈನೂ ಅಷ್ಟು ನೆಟ್ಟಗಿಲ್ಲ. ನಿಮ್ಮ ಚಿನ್ನದಂಥಾ ಉಪ್ಪು ಎಲ್ಲಾದ್ರೂ ಕಳೆದೋದ್ರೆ ಯಾರು ಜವಾಬ್ದಾರಿ?" ಸೇವಿಗೆ ತಿನ್ನುತ್ತಿದ್ದವರೆಲ್ಲ ಬಟ್ಟಲಿನೊಳಗೇ ನಕ್ಕರು. ನನ್ನ ಅರವತ್ತೇಳು ವರ್ಷದಲ್ಲಿ ಆ ಕಟ್ಟೆಯ ಮೇಲೆ ಯಾರೂ ನನ್ನನ್ನು ನೋಡಿ ನಕ್ಕಿರಲಿಲ್ಲ.

ಸಂತೆಯಿಂದಲೇ ಮೀನು ಕೊಂಡು ತಂದರಾಗದೇ ಎಂದು ಥುವಾನ್ ಕೇಳಿದ. ಬೈದೆ. ಬಲೆಯಿಂದ ಬಿದ್ದ ಮೀನು ಬಾಲ ಬಡಿಯುತ್ತಿರುವಾಗಲೇ ಉಪ್ಪು ಕಾಣಬೇಕು. ದಡ ಕಂಡ ಮೀನು ಸಾರಿಗಾದೀತು, ನಮ್ಮ ಪೀಪಾಯಿಗಲ್ಲ. ಬೈದ ಮೇಲೆ ಯೋಚನೆಗೆ ಬಿದ್ದೆ. ಮನೆತನದ ಕಸುಬು ಎಂದು ನಾನು ಎದೆಯುಬ್ಬಿಸಿ ಹೇಳುತ್ತ ಬಂದದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೆಲಸ ನಡೆಯುವುದು ನಡುಸಮುದ್ರದಲ್ಲಿ, ನಾನು ಎಂದೂ ಕಾಲಿಡದ ದೋಣಿಯಲ್ಲಿ, ನಿನ್ನ ಅಪ್ಪನ ಕೈಯಲ್ಲಿ. ಮೀನಿನ ರಸ ಬಾಟಲಿಗೆ ಸೇರುವುದು ಸೈಗಾನಿನಲ್ಲಿ, ನಾನು ನೋಡದ ಕಾರ್ಖಾನೆಯಲ್ಲಿ. ಅದು ಮಾರಾಟವಾಗುವುದು ಯಾವುದೋ ಸೂಪರ್‌ಮಾರ್ಕೆಟ್ಟಿನಲ್ಲಿ. ನನ್ನ ಕೈಯಲ್ಲಿ ಇರುವುದು ಪೀಪಾಯಿ ಮತ್ತು ಸೊಂಟಕ್ಕೆ ಸಿಕ್ಕಿಸಿದ ಉಪ್ಪಿನ ಕೋಣೆಯ ಈ ಕೀಲಿ, ಅಷ್ಟೇ.

ಬಾಟಲಿಯ ಸಂಗತಿ ಕೇಳು. ಹೋದ ವಾರ ಪಕ್ಕದ ಮನೆಯವರು ಸೈಗಾನಿನಿಂದ ನಮ್ಮದೇ ಒಂದು ಬಾಟಲಿ ತಂದರು. ನಮ್ಮ ಹೆಸರು, ನಿನ್ನ ಮಾವ ಬರೆದ ಮನೆಯ ಚಿತ್ರ, ಎಲ್ಲ ಇತ್ತು. ಹೊಸ ವರ್ಷದ ನಂತರ ನಾವು ಅಲ್ಲಿಗೆ ಒಂದು ಹನಿಯನ್ನೂ ಕಳಿಸಿಲ್ಲ. ಬೆರಳಿಗೆ ಹಚ್ಚಿ ನೋಡಿದೆ: ಸಕ್ಕರೆ, ಬಣ್ಣ, ಯಾರದೋ ಮನೆಯ ನೀರು. ಕಾರ್ಖಾನೆಯವನಿಗೆ ಫೋನು ಮಾಡಿಸಿದೆ. "ಅಮ್ಮಾ, ಮಷೀನು ಸುಮ್ನೆ ನಿಲ್ಸಕ್ಕಾಗಲ್ಲ. ನೀವು ಕಳಿಸ್ಲಿಲ್ಲ, ಇನ್ನೊಬ್ರು ಕಳಿಸಿದ್ರು. ಲೇಬಲ್ ಹೇಗೂ ನಮ್ಮತ್ರಾನೇ ಇದೆಯಲ್ಲ," ಎಂದ. ಎಷ್ಟು ಮರ್ಯಾದೆಯಿಂದ ಹೇಳಿದ! ಲೇಬಲ್ ಅಲ್ಲೇ ಅಚ್ಚು ಹಾಕಿಸಿ, ನಮಗೆ ಕೆಲಸ ಹಗುರವಾಗುತ್ತದೆ ಎಂದವಳು ನಾನೇ. ಬೇಡ ಎಂದವಳು ನೀನು.

ಈ ಚಾಂದ್ರ ತಿಂಗಳ ಇಪ್ಪತ್ತಕ್ಕೆ ಸೂಪರ್‌ಮಾರ್ಕೆಟ್ಟಿನವರು ಬರುತ್ತಾರೆ. ಪೀಪಾಯಿಗಳಲ್ಲಿ ಈ ವರ್ಷದ ಮೀನು ಬಿದ್ದಿರುವುದನ್ನು ಕಣ್ಣಿಂದ ನೋಡಬೇಕಂತೆ. ಬಿದ್ದಿಲ್ಲವಾದರೆ ನಮ್ಮ ಹೆಸರಿನ ಮಾಲನ್ನು ನೇರ ಆ ಕಾರ್ಖಾನೆಯಿಂದಲೇ ತರಿಸಿಕೊಳ್ಳುತ್ತಾರಂತೆ. ಆಮೇಲೆ ನಮ್ಮ ಹೆಸರು ಇರುತ್ತದೆ, ನಾವು ಇರುವುದಿಲ್ಲ. ಮೀನಿನ ಕಾಲವೂ ಮುಗಿಯುತ್ತ ಬಂತು. ಹುಣ್ಣಿಮೆಯ ಬೆಳಕಿಗೆ ದೋಣಿಗಳು ಹೊರಡುವುದಿಲ್ಲ. ಬೆಳಕು ಇಳಿದ ಮೇಲೆ ಹದಿನೆಂಟಕ್ಕೋ ಹತ್ತೊಂಬತ್ತಕ್ಕೋ ಹೊರಡುತ್ತವೆ. ಆ ಒಂದು ಹೊರಡುವಿಕೆ ನಮಗೆ ಸಿಗಬೇಕು. ಒಂದೇ ದೋಣಿಯಾದರೂ ಸಾಕು.

ನಿನ್ನ ಮಾವನ ತಿಥಿಯ ದಿನ ನಾನು ಆಡಿದ್ದು ಹೆಚ್ಚಾಯಿತು ಎಂದು ಊರು ಹೇಳುತ್ತದೆ. ಊರಿಗೇನು ಗೊತ್ತು? ಐದು ಪೀಪಾಯಿಗಳಿಂದ ಇಳಿಸಿದ ಮೊದಲ ರಸವನ್ನು ಅವರ ಪಟದ ಮುಂದಿಟ್ಟು, ಎಲ್ಲರಿಗೂ ಬಡಿಸಿದ್ದೆ. ಹಿರಿಯರೊಬ್ಬರು ಅದರಲ್ಲಿ ಹಂದಿಮಾಂಸ ಅದ್ದಿ, ಬಾಯಿಗಿಟ್ಟು, ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ನಾನು ನಾಲಿಗೆಗೆ ಹಚ್ಚಿದೆ. ಕಹಿ. ಅಷ್ಟು ಜನರ ನಡುವೆ ನಿನ್ನ ಅಪ್ಪನ ಕಡೆ ತಿರುಗಿ, ವರ್ಷಗಟ್ಟಲೆ ಕೋಣೆಯಲ್ಲಿಟ್ಟು ಕಹಿ ಇಳಿಸಿದ ನನ್ನ ಉಪ್ಪನ್ನು ಮಾರಿಕೊಂಡು ಹಸಿ ಉಪ್ಪು ಕಲಸಿದಿರಾ ಎಂದು ಕೇಳಿದೆ. ಅವರು ಕೂಗಾಡಲಿಲ್ಲ. ಉಣ್ಣುವ ಕಡ್ಡಿಗಳನ್ನು ಬಟ್ಟಲಿನ ಮೇಲೆ ಅಡ್ಡ ಇಟ್ಟರು. "ಬೀಗಿತ್ತಮ್ಮಾ, ಮೂವತ್ತು ವರ್ಷ ನಿಮ್ಮ ಉಪ್ಪು ಕಲಸಿದ ಕೈ ಇದು. ಇವತ್ತಿಂದ ಇದಕ್ಕೆ ರಜೆ ಕೊಡ್ತೀನಿ," ಎಂದು ಎದ್ದರು. ನೀನು ಮಗುವನ್ನು ಎತ್ತಿಕೊಂಡು ಹಿಂದೆಯೇ ಹೋದೆ. ಬಾಗಿಲಲ್ಲಿ ಒಂದು ಸಲ ನನ್ನ ಕಡೆ ನೋಡಿದೆ. ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಹುಣ್ಣಿಮೆಗೆ ಹಿರಿಯರಿಗೆ ಎಡೆ ಇಡಬೇಕು, ಮನೆಯಲ್ಲಿ ಇನ್ನೊಂದು ಹೆಣ್ಣು ಕೈ ಇಲ್ಲ. ಬರುವುದು ನಿನ್ನ ಕರ್ತವ್ಯ. ಮಗುವಿಗೆ ಮುತ್ತು ಕೊಟ್ಟೆನೆಂದು ಹೇಳು. ನಿಮ್ಮ ಮನೆಯ ಹಿರಿಯರಿಗೆ ನನ್ನ ನಮಸ್ಕಾರ. ನೀವೆಲ್ಲ ಬಿಸಿ ಅನ್ನ ಉಂಡು ಆರೋಗ್ಯವಾಗಿರಿ.

ನಿನ್ನ ಅತ್ತೆ,
ಡೊವಾನ್ ಥಿ ಹಾನ್

ಮರೆತಿದ್ದೆ: ಥುವಾನ್ ಲಕೋಟೆ ಅಂಟಿಸಲು ಕಾಯುತ್ತಿದ್ದಾನೆ, ಆದ್ದರಿಂದ ಬೇಗ ಬರೆಯುತ್ತೇನೆ. ಆ ಐದು ಪೀಪಾಯಿಗೆ ಕೊಟ್ಟ ಉಪ್ಪು ಕೋಣೆ ಸೇರಿ ನಲವತ್ತು ದಿನವಷ್ಟೇ ಆಗಿತ್ತು. ಸೂಪರ್‌ಮಾರ್ಕೆಟ್ಟಿನವರು ಎರಡರಷ್ಟು ಕೇಳಿದ್ದರು, ಹಳೆಯ ರಾಶಿ ಸಾಲದೆಂದು ನಾನೇ ಹೊಸ ರಾಶಿಯಿಂದ ತುಂಬಿಸಿದೆ. ನೀನು ಚೀಲ ಹೊರುವಾಗ "ಅತ್ತೆ, ಈ ಉಪ್ಪು ಇನ್ನೂ ಕೈಗೆ ಅಂಟ್ತಿದೆ" ಎಂದೆ. "ಉಪ್ಪಿನ ವಿಷಯ ನನಗೆ ಬಿಡು" ಎಂದೆ ನಾನು. ತಿಥಿಯ ದಿನ ಕಹಿ ನಾಲಿಗೆಗೆ ತಾಗಿದಾಗಲೇ ನನಗೆ ಗೊತ್ತಾಗಿತ್ತು, ಮಿಯೆನ್. ಗೊತ್ತಿದ್ದೇ ಆಡಿದೆ. ಆ ಕೋಣೆಯ ಕೀಲಿ ನನ್ನ ಸೊಂಟ ಬಿಟ್ಟು ಎಲ್ಲಿಗೂ ಹೋಗಿಲ್ಲ ಎಂದು ನೀನು ಅಷ್ಟು ಜನರ ಮುಂದೆ ಹೇಳಬಹುದಿತ್ತು. ಈ ಭಾಗವನ್ನು ನಿನ್ನ ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳು, ಬೇರೆ ಕಪ್ತಾನರನ್ನೂ ಕೂರಿಸಿಕೊಂಡು. ಕರೆದರೆ ನಾನೇ ಬಂದು ಅವರ ಮುಂದೆ ಇದನ್ನೇ ಹೇಳುತ್ತೇನೆ. ಕೀಲಿ ಈ ಲಕೋಟೆಯಲ್ಲಿದೆ. ಹಿಂದಿನ ಗೋಡೆಯ ರಾಶಿಗೆ ಈಗ ಎರಡು ವರ್ಷ. ನೀನೇ ಮುಟ್ಟಿ ನೋಡಿ ದೋಣಿಗೆ ಕೊಡು. ಇನ್ನೊಂದು ಕೀಲಿಯನ್ನು ನಾನು ಮಾಡಿಸಿಟ್ಟಿಲ್ಲ.