ನಿನ್ನ ಫೋಟೊಗೆ ಕೊಟ್ಟ ಬ್ಯಾಟರಿ ಕರೆಂಟು

ತಮ್ಮಾ ಕಾಂತೇಶ,

ಇವತ್ತು ಊಟ ಸೇರಲಿಲ್ಲ. ತಾಟಿನ ಮುಂದೆ ಕೂತರೆ ಭೀಮಶಿಯ ನಗು ನೆನಪಾಗಿ ತಾಟು ಸರಿಸಿ ಎದ್ದೆ. ನಿನಗಲ್ಲದೆ ಇನ್ನಾರಿಗೆ ಹೇಳಲಿ?

ನೀನು ಮುನವಳ್ಳಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಹೋದ ಮೇಲೆ, ನೀನಿದ್ದ ರಾಮದುರ್ಗದ ಇಂಟರ್‌ನೆಟ್ ಆಫೀಸಿನಲ್ಲೇ ನನಗೆ ಫೋನ್ ಎತ್ತುವ ಕೆಲಸ ಸಿಕ್ಕಿತು. ಮಾಲಕ ಭೀಮಶಿ ಆಗ, "ಕಾಂತೇಶ ನನ್ನ ತಮ್ಮ ಇದ್ದಂಗಿದ್ದ ಅಕ್ಕಾರ" ಎಂದು ಕಣ್ಣೊರೆಸಿಕೊಂಡಿದ್ದ. ನಂಬಿದ್ದೆ.

ಒಳಕೋಣೆಯಲ್ಲಿ ನೀನು ಜೋಡಿಸಿದ ಸ್ವಿಚ್ ಪೆಟ್ಟಿಗೆ ಹಾಗೇ ಇತ್ತು, ಊರಿಗೆಲ್ಲ ನೆಟ್ ಹಂಚುವ ಪೆಟ್ಟಿಗೆ. ರೊಟ್ಟಿ ಮುರಿಯುತ್ತ ಹೇಳಿದ್ದೆಯಲ್ಲ, "ಅಕ್ಕಾ, ಅದಕ್ಕ ಎರಡು ಬಾಯಿ. ಒಂದು ಲೈನಿನ ಕರೆಂಟ್ ಉಣ್ಣತೈತಿ, ಇನ್ನೊಂದು ಬ್ಯಾಟರಿದು. ನಿನ್ನಂಗ, ಒಂದು ಹೊತ್ತೂ ಉಪವಾಸ ಇರೂದಿಲ್ಲ." ಪಕ್ಕದಲ್ಲಿ ನೀನು ಒಂದು ನೀಲಿ ಕೇಬಲ್ ಸುತ್ತಿ ಇಟ್ಟಿರುತ್ತಿದ್ದೆ. ಪೆಟ್ಟಿಗೆ ಹಟ ಹಿಡಿದರೆ ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಮಾತು ಕೇಳಿಸಬೇಕು ಎನ್ನುತ್ತಿದ್ದೆ.

ಸೋಮವಾರ ನಿನ್ನ ವರ್ಷದ ಪುಣ್ಯತಿಥಿ. ನಾನು ಬಾಳೆಹಣ್ಣು ತರುವಷ್ಟರಲ್ಲಿ ಭೀಮಶಿ ನಿನ್ನ ಫೋಟೊವನ್ನು ಆ ಪೆಟ್ಟಿಗೆಯ ಮೇಲೆ ತೂಗುಹಾಕಿ ಸುತ್ತ ಸೀರಿಯಲ್ ದೀಪ ಬಿಟ್ಟಿದ್ದ. ಕೈಮುಗಿದು ನಿಂತು, ತನ್ನ ಮೊಬೈಲಿನಲ್ಲಿ ಫೋಟೊ ಹೊಡೆಸಿಕೊಂಡು ಸ್ಟೇಟಸ್ಸಿಗೆ ಹಾಕಿದ.

ನಿನ್ನೆ ಮಧ್ಯಾಹ್ನ ಲೈನಿನ ಕರೆಂಟ್ ಹೋಯಿತು. ಪೆಟ್ಟಿಗೆ ಆರಿತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ನೀನೊಬ್ಬನೇ ಕೆಂಪು ಹಸಿರಾಗಿ ಮಿನುಗುತ್ತಿದ್ದೆ. ಲೈನ್ ಹೋದರೂ ನಿನ್ನ ದೀಪ ಆರಬಾರದೆಂದು ಭೀಮಶಿ ಪೆಟ್ಟಿಗೆಯ ಬ್ಯಾಟರಿ ಪ್ಲಗ್ ಕಿತ್ತು ಅಲ್ಲಿ ಸೀರಿಯಲ್ ಚುಚ್ಚಿದ್ದ. ಲೈನ್ ಬಂದ ಮೇಲೂ ಪೆಟ್ಟಿಗೆ ಏಳಲಿಲ್ಲ. ಬೆಳಗಾವಿಯಿಂದ ಬಂದ ಇಂಜಿನಿಯರ್ ನೀಲಿ ಕೇಬಲ್ಲಿಗಾಗಿ ಕೋಣೆಯೆಲ್ಲ ತಡಕಾಡಿದ. ನಿನ್ನ ಫೋಟೊವನ್ನು ಅದರಿಂದಲೇ ಕಟ್ಟಿತ್ತು. ಭೀಮಶಿ ನಕ್ಕ. "ಇರಲಿ ಬಿಡ್ರಿ ಸರ, ಸತ್ತಾಂವ ಎದ್ದು ಬಂದು ಜಗಳಾ ತಗೀತಾನೇನು?"

ಕೇಬಲ್ ಬಿಚ್ಚಿ ಪೆಟ್ಟಿಗೆ ಎಬ್ಬಿಸಿ, ಬ್ಯಾಟರಿ ಪ್ಲಗ್ ಹಾಕಿ ಇಂಜಿನಿಯರ್ ಹೋದದ್ದೇ ತಡ, ಭೀಮಶಿ ಮತ್ತೆ ಹಾಗೇ ಕಟ್ಟಿ ಹಾಗೇ ಚುಚ್ಚಿದ. ಗಿರಾಕಿಗಳ ಫೋನ್ ಎತ್ತಿ ನನ್ನೆದುರೇ, "ಕಾಂತೇಶ ವೈರಿಂಗ್ ಕೆಡಿಸಿ ಹೋಗ್ಯಾನ್ರಿ" ಎಂದ. ನನ್ನ ಕಡೆ ತಿರುಗಿ, "ನೀವೂ ಹಂಗ ಹೇಳ್ರಿ ಅಕ್ಕಾರ, ನಿಮ್ಮ ನೌಕರಿನೂ ಉಳೀಬೇಕಲ್ಲ" ಎಂದ. ಸುಳ್ಳು ಹೇಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ಆದರೆ ಇವತ್ತು ಬೆಳಿಗ್ಗೆ ಅವನು ಬಂದವನೇ ಮತ್ತೆ ನಿನಗೆ ಕೈಮುಗಿದ. ಆ ಕೈಗಳನ್ನು ನೋಡಲಾರದೆ ಮುಖ ತಿರುಗಿಸಿದೆ.

ಆಗಲೇ ಝೆರಾಕ್ಸ್ ಅಂಗಡಿಯ ರಾಮವ್ವ ಫೋನ್ ಮಾಡಿದಳು. "ನಿನ್ನ ತಮ್ಮಂದ ತಪ್ಪಂತಲ್ಲ, ಖರೇ ಏನವಾ?" ಭೀಮಶಿ ಎದುರಿಗೇ ಕೂತಿದ್ದ.

"ಬ್ಯಾಟರಿ ವೈರ್ ಕಿತ್ತಾಂವ ಇಲ್ಲೇ ಕುಂತಾನ ಯಕ್ಕಾ. ಅವನ್ನ ಕೇಳು" ಎಂದು ಫೋನನ್ನು ಅವನ ಮುಂದೆ ಚಾಚಿದೆ.

ಅವನು ಮುಟ್ಟಲಿಲ್ಲ. ಫೋನನ್ನು ಅಲ್ಲೇ ಇಟ್ಟು ಒಳಗೆ ಹೋದೆ. ಸೀರಿಯಲ್ ಕಿತ್ತೆ, ಬ್ಯಾಟರಿ ಪ್ಲಗ್ ಒತ್ತಿದೆ, ನೀಲಿ ಕೇಬಲ್ ಬಿಚ್ಚಿ ನೀನು ಸುತ್ತುವ ಹಾಗೇ ಸುತ್ತಿಟ್ಟೆ. ನಿನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದೆ. ನಾಳೆಯಿಂದ ನೌಕರಿ ಇಲ್ಲ.

ಈಗ ಅಡುಗೆಮನೆಯ ಗೋಡೆಯ ಮಾಡದಲ್ಲಿದ್ದೀಯ. ದೀಪ ಹಚ್ಚಿಲ್ಲ. ಬಾಗಿಲಿನ ಬೆಳಕಿನಲ್ಲೇ ಮುಖ ಕಾಣುತ್ತದೆ.

ನೀನಿರುವಲ್ಲಿ ನಿನ್ನ ಹೆಸರಿಗೆ ಯಾರ ಕೊಳೆಯೂ ತಾಗದಿರಲಿ. ತಣ್ಣಗಿರು ತಮ್ಮಾ.

ನಿನ್ನ ಅಕ್ಕ,
ಯಶೋಧಾ