ಬಾಗಿದ ಐದನೆಯ ಉಗುರು

ಸುಯಿ,

ಜಿಂಗ್‌ಡೆಝೆನ್ನಿನಲ್ಲಿ ಅರಮನೆಗೆ ಪಿಂಗಾಣಿ ಮಾಡುವ ಫಾನ್ ಮನೆತನದ ಯಜಮಾನಿ ನಾನು. ದೋಷವಿದ್ದ ಬಟ್ಟಲು ಯಾರ ಕೈಯದಾದರೂ ಒಡೆಸಿ ಹೂಳಿಸಿದ್ದೇನೆ. ಮಗಳದೆಂದು ನಿನ್ನದನ್ನೂ ಬಿಟ್ಟಿಲ್ಲ.

ಇಂದು ಭಟ್ಟಿಯಿಂದ ತೆಗೆದ ಬಿಳಿ ಬಟ್ಟಲೊಂದನ್ನು ಬಿಸಿಲಿಗೆ ಹಿಡಿದೆ. ಮೆರುಗಿನ ಕೆಳಗೆ ಸೂಜಿಯಿಂದ ಗೀರಿದ ಡ್ರ್ಯಾಗನ್ ಕಂಡಿತು. ಅದರ ಐದನೆಯ ಉಗುರು ಒಳಕ್ಕೆ ಬಾಗಿತ್ತು, ನೀನು ಬಾಗಿಸುತ್ತಿದ್ದ ಹಾಗೆಯೇ.

"ಯಾರು ಗೀರಿದ್ದು, ಬೋ?" ಎಂದು ಮೇಸ್ತ್ರಿಯನ್ನು ಕೇಳಿದೆ.

"ಯಾರೂ ಇಲ್ಲ, ಅಮ್ಮಾವ್ರೇ. ಬರೀ ಬಿಳಿ ಬಟ್ಟಲು ಸಾಕು ಅಂದೋರು ನೀವೇ. ನಾನು ಗೀರಿದ್ರೆ ಹಲ್ಲಿ ಆಗ್ತಿತ್ತು. ಸುತ್ತಿಗೆ ತರ್ಲಾ?"

ನಿನ್ನನ್ನು ಮಣ್ಣು ಮಾಡಿ ವರ್ಷವಾಯಿತು. ಸುತ್ತಿಗೆ ಬೇಡವೆಂದೆ. ಅರಮನೆಗೆ ಒಂದು ಬಟ್ಟಲು ಕಡಿಮೆ ಹೋಗಿದೆ. ಕೇಳಿದರೆ ಉತ್ತರ ಕೊಡುವವಳು ನಾನೇ.

ಅದರಲ್ಲಿ ಬಿಸಿ ಅನ್ನ ಬಡಿಸಿ, ನೀನು ಕೂರುತ್ತಿದ್ದ ಕಡೆ ಇಟ್ಟು, ಬಾಗಿಲಿನ ಅಗಳಿ ತೆಗೆದಿದ್ದೇನೆ.